ತಿಕೋಟಾದಿಂದ ಬಬಲೇಶ್ವರಕ್ಕೆ: ಆಪತ್ತಿಗೊದಗಿದ ಕಿರುಗಾಲಿ

ವಿಜಯಪುರ ನಗರವನ್ನು ನೋಡಬರುವ ಯಾತ್ರಿಕರು ಸಾಮಾನ್ಯವಾಗಿ ಗೋಳಗುಮ್ಮಟವನ್ನು ಕಂಡು, ಇಬ್ರಾಹಿಂ ರೋಜಾವನ್ನು ಸುತ್ತಿ, ಸಿದ್ಧೇಶ್ವರ ದೇವಾಲಯದಲ್ಲಿ ಕೈಮುಗಿದು, ಜ್ಞಾನಯೋಗಾಶ್ರಮದ ಆವರಣದಲ್ಲಿ ಕೆಲಹೊತ್ತು ಮೌನವಾಗಿ ಕುಳಿತು ತಮ್ಮ ಊರುಗಳಿಗೆ ಮರಳುತ್ತಾರೆ. ನಗರದಿಂದ ಪಶ್ಚಿಮಕ್ಕೂ ನೈಋತ್ಯಕ್ಕೂ ಹೊರಡುವ ಎರಡು ದಾರಿಗಳನ್ನು ಹಿಡಿಯುವವರು ವಿರಳ. ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಕ್ರಮಿಸಿದರೆ ತಿಕೋಟಾ ಸಿಗುತ್ತದೆ. ಸಾರವಾಡದ ದಾರಿ ಹಿಡಿದು ಸುಮಾರು 25 ಕಿ.ಮೀ. ಹೋದರೆ ಬಬಲೇಶ್ವರ. 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಇವೆರಡೂ ಸೇರಿದ್ದವು. ಅದಕ್ಕೆ ಮೊದಲು ಎರಡೂ ವಿಜಯಪುರ ತಾಲ್ಲೂಕಿನ ಊರುಗಳೇ ಆಗಿದ್ದವು.

ತಿಕೋಟಾ ದ್ರಾಕ್ಷಿಯ ಸೀಮೆ. ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದ ಬಿಜ್ಜರಗಿಯೂ ಈ ತಾಲ್ಲೂಕಿನಲ್ಲಿಯೇ ಇದೆ. ಮಾಘ, ಫಾಲ್ಗುಣ ಮಾಸಗಳಲ್ಲಿ ಇಲ್ಲಿ ಸಂಚರಿಸಿದರೆ ಹೊಲಗಳ ನಡುವೆ ಉದ್ದುದ್ದನೆಯ ಒಣದ್ರಾಕ್ಷಿಯ ಶೆಡ್ಡುಗಳು ಕಾಣಸಿಗುತ್ತವೆ. ಕೊಯ್ದ ಗೊಂಚಲುಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಬೆರೆಸಿದ ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಲರಿಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರಗಳಲ್ಲಿ ಹಣ್ಣಿನ ನೀರು ಇಂಗಿ ಒಣದ್ರಾಕ್ಷಿ ಸಿದ್ಧವಾಗುತ್ತದೆ. ಬಬಲೇಶ್ವರದ ಕಡೆಯ ನೋಟ ಬೇರೆ. ಅಲ್ಲಿ ಕಣ್ಣು ಹಾಯುವವರೆಗೂ ಎರೆಭೂಮಿ, ಡೋಣಿ ನದಿಯ ಬಯಲು, ಹಿಂಗಾರಿ ಜೋಳ. ಮುಹಮ್ಮದ ಆದಿಲ್ ಶಾಹನ ಕಾಲದ ಮಮದಾಪುರದ ವಿಶಾಲವಾದ ಕೆರೆ ಈ ತಾಲ್ಲೂಕಿಗೆ ಸೇರಿದುದು. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಮಳೆಯನ್ನೇ ನೆಚ್ಚಿದ್ದ ಹೊಲಗಳಿಗೂ ನೀರಿನ ಆಸರೆ ಬಂದಿದೆ.

ಇಂತಹ ನಾಡಿನ ರಸ್ತೆಗಳಿಗೆ ತಮ್ಮದೇ ಆದ ಸ್ವಭಾವವುಂಟು. ಬದುವಿನ ಜಾಲಿಮುಳ್ಳು, ಎತ್ತಿನ ಲಾಳದಿಂದ ಕಳಚಿಬಿದ್ದ ಮೊಳೆ, ಡಾಂಬರಿನ ಅಂಚು ಒಡೆದು ಮೇಲೆದ್ದ ಚೂಪು ಜಲ್ಲಿ, ಇವು ಇಲ್ಲಿ ಟಯರಿನ ನಿತ್ಯಶತ್ರುಗಳು. ಬೇಸಿಗೆಯ ಬಿಸಿಲು ಇವುಗಳಿಗೆ ಜೊತೆಗೂಡುತ್ತದೆ. ಉಷ್ಣತೆ ಐದಾರು ಡಿಗ್ರಿ ಏರಿದರೆ ಟಯರಿನೊಳಗಿನ ಒತ್ತಡ ಸುಮಾರು ಒಂದು ಪಿ.ಎಸ್.ಐ. ಏರುತ್ತದೆ. ಆದರೆ ಹೆಚ್ಚಿನ ಗಾಳಿಗಿಂತಲೂ ಕಡಿಮೆ ಗಾಳಿಯೇ ಅಪಾಯಕರವೆಂಬುದನ್ನು ಬಹಳ ಜನ ಅರಿಯರು. ಗಾಳಿ ಕಡಿಮೆಯಾದ ಟಯರಿನ ಪಕ್ಕೆಯು ಪ್ರತಿಯೊಂದು ಸುತ್ತಿನಲ್ಲಿಯೂ ಬಾಗಿ ಏಳುತ್ತ ಒಳಗೊಳಗೇ ಕಾದು, ವೇಗದಲ್ಲಿರುವಾಗಲೇ ಸಿಡಿಯಬಲ್ಲುದು.

ದಾರಿಯಲ್ಲಿ ಒದಗಿದ ವಿಘ್ನ

ಕಳೆದ ವರ್ಷದ ಫಾಲ್ಗುಣದಲ್ಲಿ ನಾವು ಕುಟುಂಬದ ಐವರು ಈ ದಾರಿಯಲ್ಲಿ ಹೊರಟಿದ್ದೆವು. ಮಧ್ಯಾಹ್ನದ ಪ್ರಸಾದಕ್ಕೆ ತಿಕೋಟಾದ ಬೀಗರ ಮನೆ. ಅಲ್ಲಿಂದ ಒಳರಸ್ತೆಯಲ್ಲಿ ಬಬಲೇಶ್ವರಕ್ಕೆ ಹೋಗಿ, ಬಂಧುಗಳಾದ ಹಿರಿಯರೊಬ್ಬರನ್ನು ಕರೆದುಕೊಂಡು, ರಾತ್ರಿಯೇ ಹುಬ್ಬಳ್ಳಿ ಸೇರುವುದು ನಮ್ಮ ಸಂಕಲ್ಪವಾಗಿತ್ತು. ಮರುದಿನ ಮುಂಜಾನೆ ಆ ಹಿರಿಯರ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಒಂದು ಕಣ್ಣಿನ ದೃಷ್ಟಿ ಆಗಲೇ ಮಸುಕಾಗಿತ್ತು. ಎರಡು ತಿಂಗಳು ಕಾದು ದೊರೆತ ದಿನ ಅದು. ವಾಹನವನ್ನು ನಡೆಸುತ್ತಿದ್ದವನು ನಮ್ಮ ಮನೆಯ ತರುಣ. ವಿಜಯಪುರವನ್ನು ಬಿಡುವ ಮೊದಲು ನಾಲ್ಕು ಗಾಲಿಗಳ ಜೊತೆಗೆ ಹಿಂಬದಿಯಲ್ಲಿದ್ದ ಬಿಡಿಗಾಲಿಯ ಗಾಳಿಯನ್ನೂ ಅಳೆಸಿಕೊಂಡಿದ್ದೆವು.

ತಿಕೋಟಾವನ್ನು ಬಿಟ್ಟು ಏಳೆಂಟು ಕಿ.ಮೀ. ದಾಟಿರಬೇಕು. ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರೊಂದು ಎದುರಾಯಿತು. ಇಕ್ಕಟ್ಟಾದ ರಸ್ತೆ, ನಮ್ಮ ಎಡಗಾಲಿಗಳು ಡಾಂಬರಿನ ಅಂಚಿನಿಂದ ಕೆಳಗಿಳಿದು ಮತ್ತೆ ಮೇಲೇರಿದವು. ಅಷ್ಟರಲ್ಲಿ ಸ್ಟೀರಿಂಗು ಎಡಕ್ಕೆ ಎಳೆಯತೊಡಗಿತು. ಪಟಪಟನೆಂಬ ಶಬ್ದವೂ ಕೇಳಿಸಿತು. ತರುಣನು ಥಟ್ಟನೆ ಬ್ರೇಕು ಒತ್ತದೆ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು ವೇಗವು ತಾನಾಗಿಯೇ ಇಳಿಯಲು ಬಿಟ್ಟನು. ಟಯರು ಒಡೆದಾಗ ಮಾಡಬೇಕಾದುದು ಇದೇ. ಗಾಬರಿಯಿಂದ ಬ್ರೇಕು ಒತ್ತಿದರೆ ವಾಹನವು ಒಂದೇ ಕಡೆಗೆ ತಿರುಗಿ ಮಗುಚುವ ಸಂಭವವಿರುತ್ತದೆ.

ವಾಹನ ನಿಂತದ್ದು ತಿರುವಿನ ಸಮೀಪದಲ್ಲಿ. ಹಿಂದಿನಿಂದ ಬರುವವರಿಗೆ ನಾವು ಕಾಣುವಂತಿರಲಿಲ್ಲ. ಮುಂದೆ ಕೂಗಳತೆಯಲ್ಲಿ ಒಣದ್ರಾಕ್ಷಿಯ ಶೆಡ್ಡೊಂದು, ಅದರ ಮುಂದೆ ಗಟ್ಟಿ ನೆಲದ ಅಂಗಳ. ಎಚ್ಚರಿಕೆಯ ದೀಪಗಳನ್ನು ಹಾಕಿಕೊಂಡು, ಕಾಲ್ನಡಿಗೆಯ ವೇಗದಲ್ಲಿ ಅಲ್ಲಿಯವರೆಗೆ ಸಾಗಿದೆವು. ಹರಿದ ಟಯರು ಇನ್ನಷ್ಟು ಹಾಳಾದರೆ ಆಗಲಿ, ಜೀವಕ್ಕಿಂತ ಟಯರು ದೊಡ್ಡದಲ್ಲ. ಗಾಲಿ ಬದಲಿಸುವವರು ರಸ್ತೆಯ ಅಂಚಿನಲ್ಲಿ, ಬರುವ ವಾಹನಗಳಿಗೆ ಬೆನ್ನುಮಾಡಿ ಕುಳಿತು, ಕೆಲಸದಲ್ಲಿ ಮೈಮರೆತಿರುತ್ತಾರೆ. ಅವರಿಗೊದಗುವ ದೊಡ್ಡ ಗಂಡಾಂತರ ಇದುವೇ.

ಇಳಿದು ನೋಡಿದಾಗ ಎಡಬದಿಯ ಮುಂದಿನ ಟಯರಿನ ಪಕ್ಕೆ ಬೆರಳುದ್ದ ಸೀಳಿಹೋಗಿತ್ತು. ನೆಲವನ್ನು ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ್ದರೆ ಟ್ಯೂಬ್‌ಲೆಸ್ ಟಯರಿಗೆ ಅಂಟುಬತ್ತಿ ಸೇರಿಸಿ ಪಂಕ್ಚರ್ ಮುಚ್ಚಬಹುದು. ಪಕ್ಕೆಯ ಸೀಳಿಗೆ ಚಿಕಿತ್ಸೆಯಿಲ್ಲ; ಹೊಸ ಟಯರೇ ಗತಿ. ಅದು ಸಿಗುವುದು ವಿಜಯಪುರದಲ್ಲಿ.

ಗಾಲಿ ಬದಲಿಸುವ ಕ್ರಮ

ಹೆಣ್ಣುಮಕ್ಕಳೂ ಮಕ್ಕಳೂ ಇಳಿದು ಬೇವಿನ ಮರದ ನೆರಳು ಸೇರಿದರು. ನಮ್ಮೊಡನಿದ್ದ ಹಿರಿಯರೊಬ್ಬರು ಪ್ರಾಯದಲ್ಲಿ ಲಾರಿ ನಡೆಸಿದವರು. ಅವರು ಹೇಳಿದ ಕ್ರಮವನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಹೇಳುತ್ತೇವೆ.

ಮೊದಲು ಹ್ಯಾಂಡ್ ಬ್ರೇಕು ಎಳೆದು, ವಾಹನವನ್ನು ಮೊದಲನೆಯ ಗೇರಿನಲ್ಲಿ ನಿಲ್ಲಿಸಬೇಕು. ಎತ್ತಬೇಕಾದ ಗಾಲಿಗೆ ಓರೆಯಾಗಿ ಎದುರಿರುವ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲುಸುತ್ತಿನಷ್ಟು ಸಡಿಲಿಸಬೇಕು. ಎತ್ತಿದ ಮೇಲೆ ಜಗ್ಗಿದರೆ ವಾಹನವು ಜ್ಯಾಕಿನಿಂದ ಜಾರೀತು. ಜ್ಯಾಕನ್ನು ತಯಾರಕರು ಗುರುತಿಸಿದ ಜಾಗಕ್ಕೇ ಕೊಡಬೇಕು. ವಾಹನದ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಚಾಚಲೇಬಾರದು. ಬಿಚ್ಚಿದ ಗಾಲಿಯನ್ನು ವಾಹನದ ಅಡಿಯಲ್ಲಿ ಅಡ್ಡವಾಗಿ ಮಲಗಿಸಿಟ್ಟರೆ, ಅಕಸ್ಮಾತ್ ಜ್ಯಾಕು ಜಾರಿದರೂ ಅದು ಭಾರವನ್ನು ತಡೆದೀತು. ಹೊಸ ಗಾಲಿಯ ನಟ್ಟುಗಳನ್ನು ಮೊದಲು ಕೈಯಿಂದಲೇ ಕೂಡಿಸಿ, ವಾಹನವನ್ನು ಇಳಿಸಿದ ನಂತರ ಒಂದಕ್ಕೆ ಎದುರಿನ ಇನ್ನೊಂದನ್ನು ಹಿಡಿದು ಬಿಗಿಯಬೇಕು. ಸಾಲಾಗಿ ಸುತ್ತುತ್ತ ಬಿಗಿದರೆ ಗಾಲಿ ಸರಿಯಾಗಿ ಕೂರುವುದಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಮಾತು ಇನ್ನೊಂದಿದೆ. ಎರೆಭೂಮಿಯು ಬೇಸಿಗೆಯಲ್ಲಿ ಬಂಡೆಯಂತೆ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಮಳೆಗಾಲದಲ್ಲಂತೂ ಅದು ಬೆಣ್ಣೆ. ಜ್ಯಾಕಿನ ಕಿರಿದಾದ ತಳವು ಅದರಲ್ಲಿ ಹೂತುಹೋಗುತ್ತದೆ. ಶೆಡ್ಡಿನ ಕಾರ್ಮಿಕರು ಹೇಳದೆಯೇ ದಪ್ಪನೆಯ ಹಲಗೆಯೊಂದನ್ನು ತಂದುಕೊಟ್ಟರು. ಅದನ್ನು ಅಡಿಯಲ್ಲಿಟ್ಟ ಮೇಲೆ ಜ್ಯಾಕು ಕದಲದೆ ನಿಂತಿತು. ಇಂತಹ ಒಂದು ಮೊಳದ ಹಲಗೆಯನ್ನು ಡಿಕ್ಕಿಯಲ್ಲಿ ಇರಿಸಿಕೊಂಡರೆ ಖರ್ಚೇನೂ ಇಲ್ಲ.

ತರುಣನು ಬಿಡಿಗಾಲಿಯನ್ನು ಹೊರತೆಗೆದಾಗ ಹೆಣ್ಣುಮಕ್ಕಳು ನಕ್ಕುಬಿಟ್ಟರು. ಉಳಿದ ಗಾಲಿಗಳ ಮುಂದೆ ಅದು ಸ್ಕೂಟರಿನ ಗಾಲಿಯಂತೆ ತೆಳ್ಳಗಿತ್ತು. ಪಕ್ಕೆಯ ಮೇಲೆ ಅಳತೆಯ ಮೊದಲಿಗೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರ. ತಾತ್ಕಾಲಿಕ ಬಳಕೆಗೆ ಮಾತ್ರವೆಂಬ ಸೂಚನೆ. ಗಂಟೆಗೆ 80 ಕಿ.ಮೀ. ಮೀರಬಾರದೆಂಬ ಚೀಟಿ. ಕಾಂಪ್ಯಾಕ್ಟ್ ಸ್ಪೇರ್ ಎಂದು ಕರೆಯುವ ಈ ಕಿರುಗಾಲಿಯ ಅಗಲ ಸಾಮಾನ್ಯವಾಗಿ 125 ಮಿ.ಮೀ. ಆಸುಪಾಸು, ಮೂಲ ಟಯರುಗಳದು 185ರಿಂದ 215 ಮಿ.ಮೀ. ಡಿಕ್ಕಿಯಲ್ಲಿ ಜಾಗ ಉಳಿಯಲಿ, ತೂಕವೂ ಬೆಲೆಯೂ ಇಳಿಯಲಿ ಎಂದು ತಯಾರಕರು ಇದನ್ನು ಕೊಡುತ್ತಾರೆ. ತೆಳ್ಳಗಿದ್ದರೂ ಭಾರ ಹೊರಬೇಕಾದುದರಿಂದ ಇದಕ್ಕೆ 60 ಪಿ.ಎಸ್.ಐ. ಗಾಳಿ ಬೇಕು, ಅಂದರೆ ಸಾಮಾನ್ಯ ಟಯರಿನ ಸುಮಾರು ಇಮ್ಮಡಿ. ಉಳಿದವುಗಳಂತೆ 32 ಅಥವಾ 33 ತುಂಬಿಸಿಟ್ಟರೆ ಅದು ಆಪತ್ಕಾಲಕ್ಕೆ ಒದಗಲಾರದು.

ಕೂಡಲೇ ಮುಂದಿನ ಎಡಬದಿಗೆ ಅದನ್ನು ಕೂಡಿಸಲು ಹೊರಟ ತರುಣನನ್ನು ಹಿರಿಯರು ತಡೆದರು. ನಮ್ಮ ವಾಹನದಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಗಾಲಿಗಳಿಗೆ. ಸಾಮಾನ್ಯ ಗಾಲಿಯು ಒಂದು ಕಿ.ಮೀ. ದೂರಕ್ಕೆ ಸುಮಾರು 500 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ಕಿರುಗಾಲಿಯ ಸುತ್ತಳತೆ ನೂರಕ್ಕೆ ಐದರಷ್ಟು ಕಡಿಮೆಯಿದ್ದರೆ ಅದು 525ಕ್ಕೂ ಮಿಕ್ಕಿ ತಿರುಗಬೇಕು. ಈ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಎರಡು ಗಾಲಿಗಳ ನಡುವಿನ ಡಿಫರೆನ್ಷಿಯಲ್ಲು. ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಅದು ನೇರದಾರಿಯಲ್ಲಿಯೂ ಬಿಡುವಿಲ್ಲದೆ ದುಡಿದು ಕಾಯುತ್ತದೆ. ಬ್ರೇಕಿನ ಹೆಚ್ಚಿನ ಭಾರವನ್ನು ಹೊರುವುದೂ ಸ್ಟೀರಿಂಗಿಗೆ ಒಳಪಡುವುದೂ ಮುಂದಿನ ಗಾಲಿಗಳೇ. ಆದುದರಿಂದ ಹಿಂದಿನ ಎಡಬದಿಯ ಒಳ್ಳೆಯ ಗಾಲಿಯನ್ನು ಬಿಚ್ಚಿ, ಅಲ್ಲಿಗೆ ಕಿರುಗಾಲಿಯನ್ನು ಕೂಡಿಸಿ, ಆ ಒಳ್ಳೆಯ ಗಾಲಿಯನ್ನು ಮುಂದಕ್ಕೆ ಹಾಕಿದೆವು. ಕೆಲಸ ಎರಡುಪಟ್ಟಾಯಿತು, ಅರ್ಧ ಗಂಟೆ ಹೆಚ್ಚು ಹಿಡಿಯಿತು. ನೆಲ ಗಟ್ಟಿಯಾಗಿ ಜಾಗ ಸುರಕ್ಷಿತವಾಗಿದ್ದುದರಿಂದ ಅದು ಸಾಧ್ಯವಾಯಿತು. ಹೆದ್ದಾರಿಯ ಅಂಚಿನಲ್ಲಾದರೆ ಒಂದು ಸಲ ಬದಲಿಸಿ, ನಿಧಾನವಾಗಿ ಸುರಕ್ಷಿತ ಜಾಗಕ್ಕೆ ಸಾಗಿದ ಮೇಲೆಯೇ ಎರಡನೆಯ ಬದಲಾವಣೆ ಮಾಡುವುದು ಲೇಸು.

ಸ್ಟೆಪ್ನಿಯೆಂಬ ಹೆಸರು

ಕಿರುಗಾಲಿಯಿರಲಿ, ಪೂರ್ಣಗಾಲಿಯಿರಲಿ, ನಮ್ಮ ಜನ ಎಲ್ಲವನ್ನೂ ‘ಸ್ಟೆಪ್ನಿ’ ಎಂದೇ ಕರೆಯುತ್ತಾರೆ. ಈ ಮಾತಿನ ಮೂಲ ಬ್ರಿಟನ್ನಿನ ವೇಲ್ಸ್ ಸೀಮೆಯ ಲನೆಲಿ ಎಂಬ ಊರು. ಗಾಳಿ ತುಂಬಿದ ಟಯರನ್ನು ಡನ್‌ಲಪ್ ಎಂಬುವರು 1888ರಲ್ಲಿ ಬಳಕೆಗೆ ತಂದರು. ಅದರ ಬೆನ್ನಿಗೇ ಪಂಕ್ಚರಿನ ಕಾಟವೂ ಬಂದಿತು. ಮೊದಮೊದಲ ಮೋಟಾರುಗಳಿಗೆ ಬಿಡಿಗಾಲಿ ಇರಲಿಲ್ಲ. ದಾರಿಯಲ್ಲಿ ಕುಳಿತು ಟಯರು ಬಿಚ್ಚಿ ಟ್ಯೂಬಿಗೆ ತೇಪೆ ಹಾಕಬೇಕಿತ್ತು. 1904ರಲ್ಲಿ ಲನೆಲಿಯ ಡೇವಿಸ್ ಸಹೋದರರು ಅರೆಕಾಲುಗಳಿಲ್ಲದ ಒಂದು ಬಳೆಗೆ ಗಾಳಿ ತುಂಬಿದ ಟಯರನ್ನು ತೊಡಿಸಿ, ಅದನ್ನು ಪಂಕ್ಚರಾದ ಗಾಲಿಗೇ ಪಕ್ಕದಿಂದ ಕಚ್ಚಿಸುವ ಉಪಾಯ ಕಂಡುಹಿಡಿದರು. ಅವರ ಕಾರ್ಖಾನೆಯಿದ್ದ ಸ್ಟೆಪ್ನಿ ಬೀದಿಯ ಹೆಸರೇ ಆ ಗಾಲಿಗೂ ಬಂದಿತು. ಅದು ಇಂಗ್ಲಿಷರೊಡನೆ ಭಾರತಕ್ಕೂ ಬಂದು ನಮ್ಮ ಭಾಷೆಗಳಲ್ಲಿ ಉಳಿದುಕೊಂಡಿತು. ಬ್ರಿಟನ್ನಿನಲ್ಲಿಯೇ ಇಂದು ಅದನ್ನು ಬಲ್ಲವರು ಕಡಿಮೆ.

ಇಲ್ಲೊಂದು ವಿಚಾರವನ್ನು ಗಮನಿಸಬೇಕು. ಮೊದಲಿನ ಸ್ಟೆಪ್ನಿಯು ಊರು ಮುಟ್ಟಿಸುವ ತಾತ್ಕಾಲಿಕ ಆಸರೆಯಾಗಿತ್ತು. ಮುಂದೆ ಹಲವು ದಶಕಗಳ ಕಾಲ ವಾಹನಗಳಿಗೆ ಐದನೆಯ ಪೂರ್ಣಗಾಲಿಯೇ ಬಂದುದರಿಂದ, ಸ್ಟೆಪ್ನಿ ಹಾಕಿದರೆ ಪಯಣಕ್ಕೆ ಅಡ್ಡಿಯಿಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿತು. ಈಗ ಗಾಲಿ ಮತ್ತೆ ತಾತ್ಕಾಲಿಕವಾಗಿದೆ, ಭಾವನೆ ಮಾತ್ರ ಬದಲಾಗಿಲ್ಲ. ಅಪಾಯವಿರುವುದು ಇಲ್ಲಿ.

ಬಬಲೇಶ್ವರದಲ್ಲಿ ಮಾಡಿದ ನಿರ್ಣಯ

ಗಂಟೆಗೆ 50 ಕಿ.ಮೀ. ಮೀರದೆ, ಮಿಕ್ಕ 12 ಕಿ.ಮೀ. ಸಾಗಿ ಬಬಲೇಶ್ವರ ತಲಪುವಾಗ ಸಂಜೆ ಐದಾಗಿತ್ತು. ಕಣ್ಣಿನ ಚಿಕಿತ್ಸೆಗೆ ಹೊರಡಬೇಕಾದ ಹಿರಿಯರು ಧೋತರ ಉಟ್ಟು, ಕೈಚೀಲ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಮನೆಯವರೆಲ್ಲರೂ ಒಂದೇ ಮಾತು: “ಸ್ಟೆಪ್ನಿ ಹಾಕೀರಲ್ಲ, ಇನ್ನೇನು ಚಿಂತೆ? ಗಲಗಲಿಯ ಮೇಲೆ ಹೊಳೆ ದಾಟಿ ಹೋಗಿಬಿಡ್ರಿ.” ತರುಣನೂ ಸಿದ್ಧನಾಗಿದ್ದನು. ಊರಿನ ಬಾಡಿಗೆ ವಾಹನಗಳೆಲ್ಲ ಮದುವೆಗಳಿಗೆ ಹೋಗಿದ್ದವು.

ನಾವು ಲೆಕ್ಕ ಹಾಕಿ ನೋಡಿದೆವು. ಬಬಲೇಶ್ವರದಿಂದ ಹುಬ್ಬಳ್ಳಿ 150 ಕಿ.ಮೀ.ಗೂ ಹೆಚ್ಚು. ಕಿರುಗಾಲಿಗೆ ಹಲವು ತಯಾರಕರು ಹೇಳುವ ಮಿತಿ ಸುಮಾರು 80 ಕಿ.ಮೀ. ದೂರ. ಅದರ ತೆಳುವಾದ ಮೈಯ ರಬ್ಬರು ಬೇಗ ಸವೆಯುತ್ತದೆ. ನೆಲದ ಮೇಲಿನ ಹಿಡಿತ ಕಡಿಮೆ; ಬ್ರೇಕು ಒತ್ತಿದಾಗ ವಾಹನ ನಿಲ್ಲಲು ಹೆಚ್ಚು ದೂರ ಬೇಕು; ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ; ನಾಲ್ಕು ಗಾಲಿಗಳ ಸುತ್ತನ್ನು ಅಳೆದು ಕೆಲಸ ಮಾಡುವ ಎ.ಬಿ.ಎಸ್. ವ್ಯವಸ್ಥೆಗೂ ಗೊಂದಲವಾಗಬಹುದು. ಆರು ಮಂದಿಯ ಭಾರ, ಕತ್ತಲ ದಾರಿ, ಭಾರದ ಲಾರಿಗಳು; ಇವೆಲ್ಲಕ್ಕೂ ಮಿಗಿಲಾಗಿ, ಇನ್ನೊಂದು ಟಯರು ಪಂಕ್ಚರಾದರೆ ನಮ್ಮ ಬಳಿ ಬೇರೆ ಗಾಲಿಯಿಲ್ಲ. ಚಿಕಿತ್ಸೆಯ ದಿನ ತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕಾದೀತು. ಹೊರಟು ಮಧ್ಯರಾತ್ರಿ ದಾರಿಯಲ್ಲಿ ನಿಂತರೂ ದಿನ ತಪ್ಪುವುದೇ. ಅದರ ಜೊತೆಗೆ ಜೀವಕ್ಕೂ ಅಪಾಯ.

ಕೊನೆಗೆ ಹಿರಿಯರೇ ಎದ್ದುನಿಂತರು. “ಗಾಲಿಗೆ ಎಷ್ಟು ಶಕ್ತಿ ಐತಿ ಅಷ್ಟೇ ಕೆಲಸ ಹೇಳಬೇಕು. ನನ್ನ ಬಸ್ಸಿಗೆ ಹತ್ತಿಸ್ರಿ” ಎಂದರು. ಮಗನೊಡನೆ ಸಂಜೆಯ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ, ಅಲ್ಲಿಂದ ರಾತ್ರಿಯ ಬಸ್ಸು ಹಿಡಿದು ನಸುಕಿಗೇ ಹುಬ್ಬಳ್ಳಿ ಸೇರಿದರು. ನಿಗದಿಯಾದ ಹೊತ್ತಿಗೇ ಚಿಕಿತ್ಸೆಯಾಯಿತು. ಬಸ್ಸಿನ ನೂಕಾಟದಲ್ಲಿ ಅವರಿಗೆ ಆಯಾಸವಾದುದು ನಿಜ. ಆದರೆ ಈಗ ಅವರು ಕನ್ನಡಕವಿಲ್ಲದೆ ದೂರದ ಬಸ್ಸಿನ ಫಲಕ ಓದುತ್ತಾರೆ.

ನಾವು ಅಂದು ಬಬಲೇಶ್ವರದಲ್ಲಿಯೇ ತಂಗಿ, ಮರುದಿನ ಬೆಳಕು ಹರಿದ ಮೇಲೆ ಹೊರಟೆವು. ಮೊದಲು ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿದೆವು. ಬದಲಿಸಿದ ಗಾಲಿ ಕೆಲ ದೂರ ಓಡಿದ ಮೇಲೆ ನಟ್ಟು ಸಡಿಲಾಗುವುದುಂಟು. ನಿಧಾನವಾಗಿ ಹೋದದ್ದರಿಂದ ಮುನ್ನಾದಿನ ಕಾಣದುದನ್ನು ಕಂಡೆವು. ಸಾರವಾಡದ ಬಳಿ ಡೋಣಿಯು ಬೇಸಿಗೆಯ ಸಣ್ಣ ಧಾರೆಯಾಗಿ ಹರಿಯುತ್ತಿತ್ತು. ಮಳೆಗಾಲದಲ್ಲಿ ದಂಡೆ ಮೀರಿ ಹೊಲಗಳನ್ನು ಮುಳುಗಿಸುವ ನದಿ ಇದೇ ಎಂದು ನಂಬುವುದು ಕಷ್ಟ. ಬಿಳಿಜೋಳದ ಕಣಗಳಲ್ಲಿ ರಾಶಿ ನಡೆದಿತ್ತು. ನಗರ ಸಮೀಪಿಸಿದಂತೆ ಗೋಳಗುಮ್ಮಟದ ಗುಮ್ಮಟವು ದಿಗಂತದಲ್ಲಿ ಮೊದಲು ಗೋಚರಿಸಿತು. ವಿಜಯಪುರದ ಅಂಗಡಿಯೊಂದರಲ್ಲಿ ಅದೇ ಅಳತೆಯ ಹೊಸ ಟಯರು ಹಾಕಿಸಿದೆವು. ಕಿರುಗಾಲಿಯು ಎರಡೂ ದಿನ ಕೂಡಿ ಓಡಿದ್ದು 40 ಕಿ.ಮೀ.ಗಿಂತ ಕಡಿಮೆ. ಅದರ ಕಾಯಕ ಅಲ್ಲಿಗೆ ಮುಗಿಯಿತು. ಮತ್ತೆ 60ಕ್ಕೆ ಗಾಳಿ ತುಂಬಿಸಿ ಡಿಕ್ಕಿಗೆ ಸೇರಿಸಿದೆವು.

ಮನೆಮನೆಯಲ್ಲಿ ತಿಳಿದಿರಬೇಕಾದುದು

ಇಂದು ಅನೇಕ ಕುಟುಂಬಗಳಲ್ಲಿ ವಾಹನವಿದೆ. ಜಾತ್ರೆ, ಮದುವೆ, ಮಠದರ್ಶನಗಳಿಗೆ ಮನೆಮಂದಿಯೆಲ್ಲ ಅದರಲ್ಲಿಯೇ ಹೋಗುತ್ತಾರೆ. ಆದರೆ ಡಿಕ್ಕಿಯ ಹಾಸನ್ನು ಎತ್ತಿ ಕೆಳಗೇನಿದೆಯೆಂದು ನೋಡಿದವರು ಎಷ್ಟು ಮಂದಿ? ಕೆಲವು ವಾಹನಗಳಲ್ಲಿ ಪೂರ್ಣಗಾಲಿ, ಕೆಲವುಗಳಲ್ಲಿ ಕಿರುಗಾಲಿ ಇರುತ್ತದೆ. ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡ ತಿಳಿಸುವ ಯಂತ್ರ, ಪಂಕ್ಚರ್ ದುರಸ್ತಿಯ ಸಾಮಗ್ರಿ ಇವಿಷ್ಟಿದ್ದರೆ ಕಾರುಗಳಿಗೆ ಬಿಡಿಗಾಲಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರವು 2020ರಲ್ಲಿ ನಿಯಮವನ್ನು ತಿದ್ದಿದ ಮೇಲೆ, ಬಿಡಿಗಾಲಿಯೇ ಇಲ್ಲದ ವಾಹನಗಳೂ ಬಂದಿವೆ. ಆ ಸಾಮಗ್ರಿಯಿಂದ ಮೊಳೆಯ ತೂತು ಮುಚ್ಚಬಹುದು. ಪಕ್ಕೆ ಸೀಳಿದರೆ ಅದು ನಿಷ್ಪ್ರಯೋಜಕ.

ಆದುದರಿಂದ ತಿಂಗಳಿಗೊಮ್ಮೆ ನಾಲ್ಕು ಗಾಲಿಗಳ ಗಾಳಿ ನೋಡಿಸುವಾಗ ಐದನೆಯದನ್ನೂ ನೋಡಿಸಬೇಕು; ಅದರ ಮೇಲೆ ಬರೆದಿರುವ ಒತ್ತಡವನ್ನು ಅಂಗಡಿಯವನಿಗೆ ಓದಿ ಹೇಳಬೇಕು. ಟಯರಿಗೂ ವಯಸ್ಸುಂಟು, ಪಕ್ಕೆಯ ಮೇಲಿನ ನಾಲ್ಕಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. ಬಳಸದೆ ಇಟ್ಟ ಬಿಡಿಗಾಲಿಯ ರಬ್ಬರೂ ಕಾಲಕ್ರಮದಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ. ಒಂದೇ ಸಲಕ್ಕೆ ಎರಡು ಕಿರುಗಾಲಿಗಳನ್ನು ಹಾಕಿ ಓಡಿಸಬಾರದು. ಜ್ಯಾಕು, ಪಾನಾ, ಎಚ್ಚರಿಕೆಯ ತ್ರಿಕೋನ, ಬ್ಯಾಟರಿ ದೀಪ, ಒಂದು ಹಲಗೆ, ಇಷ್ಟು ಸದಾ ಇರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಲುಕಿದವರು 1033ಕ್ಕೆ, ಯಾವುದೇ ತುರ್ತಿಗೆ 112ಕ್ಕೆ ಕರೆಮಾಡಬಹುದು. ಬಿಡುವಿನ ದಿನವೊಂದರಲ್ಲಿ ಮನೆಯ ಅಂಗಳದಲ್ಲಿಯೇ ಗಾಲಿ ಬಿಚ್ಚಿ ಕೂಡಿಸುವುದನ್ನು ಗಂಡುಮಕ್ಕಳಿಗಷ್ಟೇ ಅಲ್ಲದೆ ವಾಹನ ನಡೆಸುವ ಹೆಣ್ಣುಮಕ್ಕಳಿಗೂ ಕಲಿಸಬೇಕು. ಆ ಕೆಲಸಕ್ಕೆ ಒಂದು ಗಂಟೆ ಸಾಕು. ಅಂಗಳದಲ್ಲಿ ಒಮ್ಮೆ ಮಾಡಿದವರು ಕತ್ತಲ ದಾರಿಯಲ್ಲಿ ಕೈಕಟ್ಟಿ ನಿಲ್ಲುವುದಿಲ್ಲ.